ಸಂಜೆ ಹೊತ್ತು ಕುಣಿಯುವ 13.8 ವೋಲ್ಟ್

ಸಕಲೇಶಪುರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಅಪ್ಪ ಇದ್ದಾಗ ಅದೇ ಜಾಗದಲ್ಲಿ ರೇಡಿಯೊ ರಿಪೇರಿ ನಡೆಯುತ್ತಿತ್ತು. ರೇಡಿಯೊ ತರುವವರು ಕಡಿಮೆಯಾದ ಮೇಲೆ ನಾನು ಪಂಪ್‌ಸೆಟ್ಟು, ಸ್ಟೆಬಿಲೈಸರ್ ಕಡೆ ತಿರುಗಿದೆ. ಆದರೂ ಅಪ್ಪನ ಹೆಸರು ಹೇಳಿಕೊಂಡು ಆಗಾಗ ಯಾರಾದರೂ ಹಳೇ ಪೆಟ್ಟಿಗೆ ಹೊತ್ತು ಬರುತ್ತಾರೆ. ಈ ಫೆಬ್ರವರಿ ಕೊನೆಯಲ್ಲಿ ಒಬ್ಬ ಗೌಡ್ರು ತಂದದ್ದು ಹ್ಯಾಮ್ ರೇಡಿಯೊ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೊ) ಸೆಟ್ಟಿನ ಪವರ್ ಸಪ್ಲೈ, ಮನೆಯ ಕರೆಂಟನ್ನು ಸೆಟ್ಟಿಗೆ ಬೇಕಾದ 13.8 ವೋಲ್ಟ್ ಡಿಸಿ ಮಾಡುವ ಪೆಟ್ಟಿಗೆ. ಕೈಯಲ್ಲೇ ಕಟ್ಟಿದ್ದು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ.

"ಏನಮ್ಮಾ, ಮೈಕ್ ಒತ್ತಿದ ಕೂಡಲೇ ವೋಲ್ಟೇಜ್ ಕುಣೀತದೆ. ಆ ಕಡೆಯವರು ನನ್ನ ಮಾತಿನ ಹಿಂದೆ ಗುಂಯ್ ಅಂತ ಸದ್ದು ಬರ್ತಿದೆ ಅಂತಾರೆ" ಅಂದರು. ಮೊದಲೇ ಬೇರೆ ಕಡೆ ತೋರಿಸಿದ್ದರಂತೆ. ಅಲ್ಲಿ ಮೂರು ಸಲ ಐಸಿ ಬದಲಿಸಿದ್ದರು. ಕುಣಿತ ನಿಂತಿರಲಿಲ್ಲ.

ನಾನು ಪೆಟ್ಟಿಗೆ ಬಿಚ್ಚಲಿಲ್ಲ. "ಯಾವ ಹೊತ್ತಲ್ಲಿ ಕುಣಿಯುತ್ತೆ ಗೌಡ್ರೇ?" ಅಂತ ಕೇಳಿದೆ.

ನೀವೂ ಇಲ್ಲಿಂದಲೇ ಶುರು ಮಾಡಿ. ಒಂದು ಕಾಗದದಲ್ಲಿ ಬರೆದುಕೊಳ್ಳಿ: ಯಾವಾಗ, ಏನು ಮಾಡಿದಾಗ, ಎಷ್ಟು ಹೊತ್ತಾದ ಮೇಲೆ. ಸೆಟ್ಟು ಜೋಡಿಸದೆ ಸುಮ್ನೆ ಆನ್ ಮಾಡಿದಾಗಲೂ ಮೀಟರಿನ ಮುಳ್ಳು ಅಲ್ಲಾಡಿದರೆ ದೋಷ ವೋಲ್ಟೇಜನ್ನು ಹಿಡಿದಿಡುವ ರೆಗ್ಯುಲೇಟರ್ ಭಾಗದಲ್ಲಿದೆ. ಲೋಡ್ ಬಿದ್ದಾಗ ಮಾತ್ರ ಕುಸಿದರೆ ಅದರ ಹಿಂದಿನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳು), ಕಂಡೆನ್ಸರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಡಬ್ಬಿ) ಕಡೆ ನೋಡಬೇಕು. ಅರ್ಧ ಗಂಟೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೆಟ್ಟರೆ ಸರಿಯಾಗಿ ಹಿಡಿಯದ ಬೆಸುಗೆ (ಡ್ರೈ ಸೋಲ್ಡರ್) ಇಲ್ಲವೇ ಟ್ರಾನ್ಸಿಸ್ಟರ್. ಪೆಟ್ಟಿಗೆ ತಟ್ಟಿದರೆ ಸರಿಹೋಗುತ್ತದಾ? ಎಲ್ಲೋ ಸ್ಕ್ರೂ ಸಡಿಲ. ಆಂಟೆನಾಗೆ ಹಾಕಿದಾಗ ಕುಣಿದು, ಡಮ್ಮಿ ಲೋಡಿಗೆ (ಆಂಟೆನಾ ಬದಲು ಪರೀಕ್ಷೆಗೆ ಹಾಕುವ ರೆಸಿಸ್ಟರ್) ಹಾಕಿದಾಗ ಸುಮ್ಮನಿದ್ದರೆ ನಿಮ್ಮದೇ ರೇಡಿಯೊ ಅಲೆ ಸಪ್ಲೈ ಒಳಗೆ ನುಗ್ಗುತ್ತಿದೆ.

ಗೌಡ್ರು ಯೋಚನೆ ಮಾಡಿ "ಸಂಜೆ. ಏಳು ಗಂಟೆ ಮೇಲೆ. ಬೆಳಿಗ್ಗೆ ಸರಿಯಾಗೇ ಇರ್ತದೆ" ಅಂದರು.

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅದು ಹೂ ಮಳೆ ಬಾರದೆ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತಿದ್ದ ಸಮಯ. ಅವರ ತೋಟ ಲೈನಿನ ಕೊನೆಯಲ್ಲಿದೆ. ಪಂಪುಗಳು, ಮನೆ ದೀಪ, ಮಿಕ್ಸಿ ಎಲ್ಲ ಒಟ್ಟಿಗೆ ಎಳೆದರೆ 230 ವೋಲ್ಟ್ ಇರಬೇಕಾದ ಕರೆಂಟ್ 200ಕ್ಕೆ ಬಂದು ನಿಲ್ಲುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಆದರೆ ರೆಗ್ಯುಲೇಟರ್ ಇರುವುದೇ ಈ ಏರಿಳಿತ ತಡೆಯುವುದಕ್ಕೆ ಅಲ್ವಾ? 200ಕ್ಕೇ ಯಾಕೆ ಸೋಲುತ್ತಿದೆ ಅನ್ನುವುದು ಮಿಕ್ಕ ಅರ್ಧ.

ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದು ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿಯ ಲೀನಿಯರ್ ಸಪ್ಲೈ ಬಗ್ಗೆ ಮಾತ್ರ. ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಹಗುರವಾದ ಎಸ್‌ಎಂಪಿಎಸ್ ಆದರೆ ಅದರ ಒಳಗಿನ ಕಂಡೆನ್ಸರಿನಲ್ಲಿ 320 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಅದನ್ನು ಗೊತ್ತಿರುವವರಿಗೆ ಕೊಡಿ. ಲೀನಿಯರಿನಲ್ಲೂ ಪ್ಲಗ್ ಕಿತ್ತು, 100 ಓಮ್ 10 ವಾಟ್ ರೆಸಿಸ್ಟರ್ ಒಂದನ್ನು ಕಂಡೆನ್ಸರಿನ ಎರಡು ತುದಿಗೆ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಶೂರರಿದ್ದಾರೆ. ಅಪ್ಪನೂ ಹಾಗೇ ಮಾಡುತ್ತಿದ್ದರು. ಅವರ ಸ್ಕ್ರೂಡ್ರೈವರುಗಳ ತುದಿ ಒಂದೂ ನೆಟ್ಟಗಿರಲಿಲ್ಲ.

ಇನ್ನೊಂದು: ರಿಪೇರಿ ಮುಗಿಯುವ ತನಕ ರೇಡಿಯೊ ಸೆಟ್ಟನ್ನು ಜೋಡಿಸಲೇಬೇಡಿ. ಸೆಟ್ಟಿಗೆ ಹೋಗುವ ಕರೆಂಟನ್ನೆಲ್ಲ ಹೊರುವ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ 13.8ರ ಬದಲು 24 ವೋಲ್ಟ್ ನೇರ ಸೆಟ್ಟಿಗೆ ಹೋಗುತ್ತದೆ. ಅದಕ್ಕೆ ಅಡ್ಡವಾಗಿ ಎಸ್‌ಸಿಆರ್ ಹಾಕಿದ ಕ್ರೋಬಾರ್ ಎಂಬ ರಕ್ಷಣೆ ಇರಬೇಕು. ವೋಲ್ಟೇಜ್ ಮೇಲೇರಿದ ಕೂಡಲೇ ಅದು ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಗೌಡ್ರ ಪೆಟ್ಟಿಗೆಯಲ್ಲಿ ಅದು ಇತ್ತು, ಆದರೆ ಒಂದು ವಯರು ಕತ್ತರಿಸಿ ಬಿಟ್ಟಿದ್ದರು. "ಸುಮ್ ಸುಮ್ನೆ ಫ್ಯೂಸ್ ಹೋಗ್ತಿತ್ತು" ಅಂತ ಹಿಂದಿನ ಮೆಕ್ಯಾನಿಕ್ ಹೇಳಿದ್ದರಂತೆ. ನಾನು ಮೊದಲು ಮಾಡಿದ ಕೆಲಸ ಅದನ್ನು ಮತ್ತೆ ಬೆಸೆದದ್ದು.

ಹಾಗಾದರೆ ಪರೀಕ್ಷೆಗೆ ಸೆಟ್ಟಿನ ಬದಲು ಲೋಡಾಗಿ ಏನು ಹಾಕುವುದು? ಕಾರಿನ ಎಚ್4 ಹೆಡ್‌ಲೈಟ್ ಬಲ್ಬ್. ಅದರಲ್ಲಿ 60 ಮತ್ತು 55 ವಾಟಿನ ಎರಡು ತಂತಿ ಇರುತ್ತವೆ. ಒಂದೊಂದೂ ಐದು ಆಂಪ್ ಹತ್ತಿರ ಎಳೆಯುತ್ತದೆ. ಎರಡನ್ನೂ ಹಚ್ಚಿದರೆ ಹತ್ತು ಆಂಪ್, ಎರಡು ಬಲ್ಬಿನ ನಾಲ್ಕೂ ಹಚ್ಚಿದರೆ ಇಪ್ಪತ್ತು. ಗ್ಯಾರೇಜಿನಲ್ಲಿ ಒಂದು ತಂತಿ ಹೋದ ಬಲ್ಬ್ ಪುಕ್ಕಟೆ ಸಿಗುತ್ತದೆ, ಉಳಿದ ತಂತಿ ಸಾಕು. ಒಂದೊಂದಾಗಿ ಜೋಡಿಸಿ. ತಣ್ಣಗಿರುವ ತಂತಿ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಹತ್ತು ಪಟ್ಟು ಕರೆಂಟ್ ಕೇಳುತ್ತದೆ. ಸಪ್ಲೈಯ ಕರೆಂಟ್ ಲಿಮಿಟ್ ಹೆದರಿ ಅಲ್ಲೇ ಮುದುಡಿಕೊಂಡರೆ ನೀವು ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ. ಬಲ್ಬನ್ನು ಹಂಚಿನ ಮೇಲೋ ಇಟ್ಟಿಗೆ ಮೇಲೋ ಇಡಿ. ಎರಡು ತಂತಿ ಒಟ್ಟಿಗೆ ಹಚ್ಚಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ.

ರಿಪೇರಿಯಾದ ಸಪ್ಲೈಯನ್ನು ಮೊದಲ ಸಲ ಆನ್ ಮಾಡುವಾಗ ಮೇನ್ಸ್ ವಯರಿನಲ್ಲಿ 100 ವಾಟ್ ಬಲ್ಬಿನ ಸೀರೀಸ್ ಲ್ಯಾಂಪ್ ಇರಲಿ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಶಾರ್ಟ್.

ಈಗ ಅಳತೆ. ಮೊದಲು ಎಲ್ಲರೂ ಮರೆಯುವ ಜಾಗ: ಸಪ್ಲೈಯಿಂದ ಸೆಟ್ಟಿಗೆ ಹೋಗುವ ವಯರು. ಲೋಡ್ ಇರುವಾಗ ಸಪ್ಲೈಯ ಟರ್ಮಿನಲ್ಲಿನಲ್ಲಿ ಒಮ್ಮೆ, ವಯರಿನ ಆ ತುದಿಯಲ್ಲಿ ಒಮ್ಮೆ ಅಳೆಯಿರಿ. ಗೌಡ್ರು ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ವಯರು ಹಾಕಿದ್ದರು, ಎರಡು ಮೀಟರ್ ಉದ್ದ. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್. ಇಪ್ಪತ್ತು ಆಂಪ್ ಹರಿದರೆ ಆ ವಯರಿನಲ್ಲೇ ಒಂದು ವೋಲ್ಟ್ ಹತ್ತಿರ ಹೋಗುತ್ತದೆ. ಒಳಗೆ ಎಲ್ಲ ಸರಿಯಿದ್ದರೂ ಸೆಟ್ಟಿಗೆ ಸಿಗುವುದು 12.8. ಮೈಕ್ ಬಿಟ್ಟರೆ 13.8, ಒತ್ತಿದರೆ 12.8. ಕುಣಿತ ಅಂದರೆ ಇದೂ ಕುಣಿತವೇ. ವಯರನ್ನು 6 ಚದರ ಮಿಲಿಮೀಟರಿಗೆ ಬದಲಿಸಿ ಒಂದು ಮೀಟರಿಗೆ ಕತ್ತರಿಸಿದೆ. ಫ್ಯೂಸ್ ಹೋಲ್ಡರಿನ ಎರಡು ತುದಿಗೂ ಮೀಟರ್ ಹಿಡಿದು ನೋಡಿ, ಅಲ್ಲೂ ಕಾಲು ವೋಲ್ಟ್ ಕದಿಯುವ ಕಳ್ಳರಿರುತ್ತಾರೆ.

ಆಮೇಲೆ ಮುಖ್ಯ ಜಾಗ. ಬ್ರಿಡ್ಜ್ ಆದ ಮೇಲೆ ಬರುವ ದೊಡ್ಡ ಕಂಡೆನ್ಸರಿನ ಎರಡು ತುದಿ. (ಕೆಪ್ಯಾಸಿಟರ್ ಅಂತ ಓದಿದ್ದೇನೆ. ಅಂಗಡಿಯಲ್ಲಿ ಕಂಡೆನ್ಸರ್ ಅಂದರೇ ಬಾಯಿಗೆ ಬರುವುದು.) ಈ ಪೆಟ್ಟಿಗೆಯಲ್ಲಿ 18 ವೋಲ್ಟಿನ ಟ್ರಾನ್ಸ್‌ಫಾರ್ಮರ್, 35 ಆಂಪ್ ಬ್ರಿಡ್ಜ್, 22,000 ಮೈಕ್ರೊಫ್ಯಾರಡಿನ ಎರಡು ಕಂಡೆನ್ಸರ್ ಡಬ್ಬಿ, ರೆಗ್ಯುಲೇಟರಿನ 723 ಐಸಿ, 2ಎನ್3055 ಎಂಬ ನಾಲ್ಕು ಪಾಸ್ ಟ್ರಾನ್ಸಿಸ್ಟರ್ ಇದ್ದವು. ಹಳಬರು ಕಟ್ಟುತ್ತಿದ್ದ ಪಕ್ಕಾ ನಕ್ಷೆ.

ಲೋಡ್ ಇಲ್ಲದೆ ಆ ಡಬ್ಬಿಗಳ ಮೇಲೆ 24 ವೋಲ್ಟ್ ಇತ್ತು. ಹತ್ತು ಆಂಪ್ ಲೋಡ್ ಹಾಕಿದೆ. 20.2ಕ್ಕೆ ಇಳಿಯಿತು. ಔಟ್‌ಪುಟ್ 13.8ರಲ್ಲಿ ಕಲ್ಲಿನ ಹಾಗೆ ನಿಂತಿತ್ತು. ನಮ್ಮ ಅಂಗಡಿ ಪೇಟೆಯಲ್ಲಿದೆ, ಹಗಲು 230 ಬರುತ್ತದೆ. ಹಿಂದಿನವರು ಮೋಸ ಹೋದದ್ದು ಇಲ್ಲೇ ಇರಬೇಕು. ಅವರ ಮೇಜಿನ ಮೇಲೆ ಸರಿಯಾಗಿದ್ದದ್ದು ಗೌಡ್ರ ಮನೆಯಲ್ಲಿ ಕುಣಿಯುತ್ತಿತ್ತು.

ರಿವೈಂಡಿಂಗ್ ಅಂಗಡಿಯಲ್ಲಿ ಡಿಮ್ಮರ್‌ಸ್ಟ್ಯಾಟ್ ಇರುತ್ತದೆ. ಅದರಲ್ಲಿ ಮೇನ್ಸನ್ನು ನಿಧಾನ ಇಳಿಸಿದೆ. 220, 210. 200ರ ಹತ್ತಿರ ಬಂದಾಗ ಔಟ್‌ಪುಟ್ ಅಲ್ಲಾಡಿತು, ಬಲ್ಬಿನ ಬೆಳಕೂ ನಡುಗಿತು. ಆಗ ಡಬ್ಬಿ ಮೇಲೆ ಮೀಟರ್ ತೋರಿಸಿದ್ದು 17. ರೆಗ್ಯುಲೇಟರಿಗೆ ಕೆಲಸ ಮಾಡಲು ಔಟ್‌ಪುಟ್‌ಗಿಂತ ಸುಮಾರು ಮೂರು ವೋಲ್ಟ್ ಜಾಸ್ತಿ ಬೇಕು. 13.8ಕ್ಕೆ ಮೂರು ಸೇರಿಸಿದರೆ 16.8. ಮೀಟರ್ ಪ್ರಕಾರ 17 ಇದೆ. ಸಾಕಲ್ವಾ?

ಸಾಲದು. ಮೀಟರ್ ಹೇಳುವುದು ಸರಾಸರಿ. ಕಂಡೆನ್ಸರಿನ ಮೇಲಿನ ವೋಲ್ಟೇಜ್ ನಿಂತ ನೀರಲ್ಲ. ಸೆಕೆಂಡಿಗೆ ನೂರು ಸಲ ತುಂಬುತ್ತದೆ, ನೂರು ಸಲ ಬರಿದಾಗುತ್ತದೆ. ರೆಗ್ಯುಲೇಟರ್ ಸೋಲುವುದು ತಗ್ಗಿನಲ್ಲಿ. ತಗ್ಗು 16.8ಕ್ಕಿಂತ ಕೆಳಗೆ ಹೋದರೆ ಆ ಗಳಿಗೆ ಔಟ್‌ಪುಟ್ಟಿನಲ್ಲೂ ಒಂದು ಹಳ್ಳ ಬೀಳುತ್ತದೆ. ಸೆಕೆಂಡಿಗೆ ನೂರು ಹಳ್ಳ. ಗೌಡ್ರ ಮಾತಿನ ಹಿಂದೆ ಕೇಳುತ್ತಿದ್ದ ಗುಂಯ್ ಅದೇ.

ತಗ್ಗು ಎಷ್ಟು ಅಂತ ಆಸಿಲೋಸ್ಕೋಪ್ ಇಲ್ಲದೆ ಕಂಡುಹಿಡಿಯಬಹುದು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಗೆ 1 ಮೈಕ್ರೊಫ್ಯಾರಡ್ 100 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಸೀರೀಸಿನಲ್ಲಿ ಹಿಡಿದು ಅಳೆಯಿರಿ. ಅದು ಇಲ್ಲದಿದ್ದರೆ ಅಗ್ಗದ ಮೀಟರುಗಳು ಡಿಸಿಯನ್ನೂ ಸೇರಿಸಿ ಏನೇನೋ ತೋರಿಸುತ್ತವೆ. ಬಂದ ಅಂಕಿಯನ್ನು 3.5ರಿಂದ ಗುಣಿಸಿ. ಅದು ಏರಿನಿಂದ ತಗ್ಗಿಗೆ ಇರುವ ಅಂತರ. ಅದರ ಅರ್ಧವನ್ನು ಸರಾಸರಿಯಿಂದ ಕಳೆದರೆ ತಗ್ಗು ಸಿಗುತ್ತದೆ. ನನಗೆ ಬಂದದ್ದು 1.3. ಗುಣಿಸಿದರೆ ನಾಲ್ಕೂವರೆ. 17ರಿಂದ ಅದರ ಅರ್ಧ ಕಳೆದರೆ 14.7. ಬೇಕಾದದ್ದು 16.8.

ನಾಲ್ಕೂವರೆ ಜಾಸ್ತಿಯೇ? ಲೆಕ್ಕ ಸುಲಭ. ಆಂಪನ್ನು 100ರಿಂದ ಭಾಗಿಸಿ, ಮತ್ತೆ ಫ್ಯಾರಡಿನಿಂದ ಭಾಗಿಸಿ. ಎರಡು ಡಬ್ಬಿ ಸೇರಿ 44,000 ಮೈಕ್ರೊ, ಅಂದರೆ 0.044 ಫ್ಯಾರಡ್. ಹತ್ತು ಆಂಪಿಗೆ 2.3 ವೋಲ್ಟ್ ಬರಬೇಕು. ಬಂದದ್ದು ಅದರ ಎರಡರಷ್ಟು. ಅಂದರೆ ಒಂದೇ ಡಬ್ಬಿ ದುಡಿಯುತ್ತಿದೆ, ಇನ್ನೊಂದು ಸುಮ್ನೆ ಕೂತಿದೆ.

ನಿಜವಾಗಿಯೂ ಹಾಗೇ ಇತ್ತು. ಡಬ್ಬಿ ಕೆಟ್ಟಿರಲಿಲ್ಲ. ಎರಡನ್ನೂ ಸೇರಿಸುವ ತಾಮ್ರದ ಪಟ್ಟಿಯ ಕೆಳಗೆ ಹಸಿರು ಕಿಲುಬು. ಸ್ಕ್ರೂ ನೋಡಲು ಬಿಗಿಯಾಗಿದೆ, ಕೆಳಗೆ ಸಂಪರ್ಕ ಇಲ್ಲ. ಲಗ್ಗು ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆ ಪುಷ್ಯ, ಆಶ್ಲೇಷ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ತಾಮ್ರವನ್ನು ಬಿಟ್ಟೀತೆ? ಉಪ್ಪುಕಾಗದದಲ್ಲಿ ಉಜ್ಜಿ, ಹಲ್ಲು ವಾಷರ್ ಹಾಕಿ, ಬಿಗಿ ಮಾಡಿದೆ. ಮತ್ತೆ 200ಕ್ಕೆ ಇಳಿಸಿದೆ. ಎಸಿ 0.65. ಸರಾಸರಿ 18.1. ತಗ್ಗು 17. ಔಟ್‌ಪುಟ್ ಅಲ್ಲಾಡಲಿಲ್ಲ. ಈ ಕುಣಿತ ನಿಲ್ಲಿಸಲು ಪೆಟ್ಟಿಗೆಯೊಳಗಿನ ಒಂದು ಬಿಡಿಭಾಗವನ್ನೂ ಬದಲಿಸಿರಲಿಲ್ಲ.

ನಿಮ್ಮದರಲ್ಲಿ ಸ್ಕ್ರೂ ಸರಿಯಿದ್ದು ಡಬ್ಬಿಯೇ ಒಣಗಿರಬಹುದು. ದೊಡ್ಡ ಕಂಡೆನ್ಸರನ್ನು ಸಾಮಾನ್ಯ ಮೀಟರ್ ಅಳೆಯುವುದಿಲ್ಲ. ಆಫ್ ಮಾಡಿ, ಬರಿದು ಮಾಡಿ, ಒಳ್ಳೆಯದೊಂದನ್ನು ಪ್ಲಸ್ ಮೈನಸ್ ನೋಡಿ ಅದರ ಮೇಲೆ ಜೋಡಿಸಿ, ಮತ್ತೆ ಎಸಿ ಅಳೆಯಿರಿ. ಲೆಕ್ಕಕ್ಕಿಂತ ತುಂಬಾ ಇಳಿದರೆ ಹಳೆಯದು ಸತ್ತಿದೆ. ಕನಿಷ್ಠ 40 ವೋಲ್ಟಿನದು ಹಾಕಿ.

ಗುಂಯ್ ಸದ್ದು ಇದ್ದು ಡಬ್ಬಿ ಎರಡೂ ಸರಿಯಿದ್ದರೆ ಬ್ರಿಡ್ಜ್ ನೋಡಿ. ಒಂದು ಡಯೋಡ್ ತೆರೆದುಕೊಂಡರೆ ಸೆಕೆಂಡಿಗೆ ನೂರು ಸಲ ತುಂಬುವುದು ಐವತ್ತಕ್ಕೆ ಇಳಿಯುತ್ತದೆ, ಸದ್ದೂ ದಪ್ಪಗಾಗುತ್ತದೆ.

ಇನ್ನು ರೆಗ್ಯುಲೇಟರ್. ಲೋಡ್ ಇಲ್ಲದೆಯೂ ಕುಣಿಯುವವರು ಇಲ್ಲಿ ನೋಡಿ. 14 ಕಾಲಿನ 723ರಲ್ಲಿ 7ನೇ ಕಾಲು ಮೈನಸ್, 6ನೇ ಕಾಲು ರೆಫರೆನ್ಸ್. ಅಲ್ಲಿ 7.15 ವೋಲ್ಟ್ ಆಚೀಚೆ ಇರಬೇಕು, 6.8ರಿಂದ 7.5ರ ಒಳಗೆ. ಅದು ಅಲ್ಲಾಡದೆ ನಿಂತಿದ್ದರೆ ಐಸಿ ಮೇಲೆ ಸಿಟ್ಟು ಮಾಡಬೇಡಿ. 4 ಮತ್ತು 5ನೇ ಕಾಲುಗಳಲ್ಲಿ ಹೆಚ್ಚೂ ಕಡಿಮೆ ಒಂದೇ ವೋಲ್ಟೇಜ್ ಇರಬೇಕು. 4 ಅಲ್ಲಾಡುತ್ತಿದ್ದರೆ ಅದಕ್ಕೆ ಬರುವ ಪ್ರೀಸೆಟ್ (ವೋಲ್ಟೇಜ್ ಹೊಂದಿಸಲು ತಿರುಗಿಸುವ ಪುಟ್ಟ ರೆಸಿಸ್ಟರ್) ಮೇಲೆ ಅನುಮಾನ ಪಡಿ. ಮಲೆನಾಡಿನಲ್ಲಿ ಬಯಲು ಪ್ರೀಸೆಟ್ ಎರಡು ಮಳೆಗಾಲ ಕಂಡರೆ ಹೆಚ್ಚು. ಪ್ಲಾಸ್ಟಿಕ್ ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ಮುಳ್ಳು ಹಾರುತ್ತದೆ. ನಡುವಿನ ಕಾಲು 4ಕ್ಕೆ ಹೋಗಿದ್ದು ಅದು ಪೂರ್ತಿ ಬಿಟ್ಟುಕೊಂಡರೆ ಔಟ್‌ಪುಟ್ ಮೇಲಕ್ಕೇ ಏರುತ್ತದೆ. ಕ್ರೋಬಾರ್ ವಯರು ಕತ್ತರಿಸಬಾರದು ಅಂದದ್ದು ಇದಕ್ಕೇ. ಗೌಡ್ರ "ಸುಮ್ ಸುಮ್ನೆ ಫ್ಯೂಸ್" ಹೀಗೇ ಆಗಿರಬಹುದು ಅನಿಸಿ, ಮುಚ್ಚಿದ ಮೈಯಿನ ಮಲ್ಟಿಟರ್ನ್ ಪ್ರೀಸೆಟ್ ಹಾಕಿಬಿಟ್ಟೆ.

13ನೇ ಕಾಲಿನಿಂದ 4ಕ್ಕೆ ಒಂದು ಪುಟ್ಟ ಡಿಸ್ಕ್ ಕಂಡೆನ್ಸರ್ ಇರುತ್ತದೆ. ಅದು ಬಿಟ್ಟುಹೋದರೆ ಸರ್ಕ್ಯೂಟ್ ತನ್ನಷ್ಟಕ್ಕೆ ಆಸಿಲೇಟ್ ಆಗುತ್ತದೆ. ಲೋಡ್ ಇಲ್ಲದೆಯೇ ಹೀಟ್ ಸಿಂಕ್ ಬಿಸಿಯಾಗುತ್ತಿದ್ದರೆ ಇದನ್ನು ನೋಡಿ.

3055ಗಳನ್ನು ಬಿಚ್ಚದೆ ಪರೀಕ್ಷಿಸಬಹುದು. ಪ್ರತಿಯೊಂದರ ಎಮಿಟರಿಗೂ 0.1 ಓಮಿನ ಬಿಳಿ ಸಿಮೆಂಟ್ ರೆಸಿಸ್ಟರ್ ಇದೆ. ಹತ್ತು ಆಂಪ್ ಲೋಡಿನಲ್ಲಿ ಒಂದೊಂದರ ಮೇಲೂ ಕಾಲು ವೋಲ್ಟ್ ಬರಬೇಕು. ಒಂದರ ಮೇಲೆ ಸೊನ್ನೆ ಬಂದರೆ ಆ ಟ್ರಾನ್ಸಿಸ್ಟರೋ ರೆಸಿಸ್ಟರೋ ಹೋಗಿದೆ. ಒಂದರ ಮೇಲೆ ಮಾತ್ರ ಅರ್ಧ ವೋಲ್ಟ್ ದಾಟಿದರೆ ಮಿಕ್ಕವರ ಹೊರೆ ಅವನೇ ಹೊರುತ್ತಿದ್ದಾನೆ, ಇವತ್ತೋ ನಾಳೆಯೋ ಸಾಯುತ್ತಾನೆ. ಬದಲಿಸುವಾಗ ಮೈಕಾ ಹಾಳೆ, ಹೀಟ್ ಸಿಂಕ್ ಪೇಸ್ಟ್ ಮರೆಯಬೇಡಿ. 3055ರ ಮೈಯೇ ಕಲೆಕ್ಟರ್. ನಕಲಿ 3055 ಜಾಸ್ತಿ ಬರುತ್ತಿವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದರೂ ನಾನು ಒಂದೊಂದನ್ನೂ ಲೋಡಿಗೆ ಹಾಕಿ ನೋಡಿಯೇ ಕೂರಿಸುವುದು.

ಆಂಟೆನಾ ಹಾಕಿದಾಗ ಮಾತ್ರ ಕುಣಿದರೆ ಔಟ್‌ಪುಟ್ ಟರ್ಮಿನಲ್ಲಿಗೆ 0.01 ಮೈಕ್ರೊಫ್ಯಾರಡಿನ ಡಿಸ್ಕ್ ಕಂಡೆನ್ಸರುಗಳನ್ನು, ಕಾಲು ಆದಷ್ಟು ಗಿಡ್ಡ ಮಾಡಿ, ಪೆಟ್ಟಿಗೆಯ ಮೈಗೆ ಬೆಸೆಯಿರಿ. ಡಿಸಿ ವಯರನ್ನು ಫೆರೈಟ್ ರಿಂಗಿನಲ್ಲಿ ಆರೇಳು ಸುತ್ತು ಸುತ್ತಿ. ಆಂಟೆನಾ ಮ್ಯಾಚಿಂಗ್ ಸರಿ ಇದೆಯೇ ಅಂತಲೂ ನೋಡಿ. ಅದು ಕೆಟ್ಟಿದ್ದರೆ ರಿಂಗ್ ಹಾಕಿ ಏನೂ ಪ್ರಯೋಜನವಿಲ್ಲ.

ಗೌಡ್ರ ವಿಷಯ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಡಿಮ್ಮರ್‌ಸ್ಟ್ಯಾಟನ್ನು 180ಕ್ಕೆ ಇಳಿಸಿದರೆ ಮತ್ತೆ ನಡುಗಿತು. ಇದು ದೋಷವಲ್ಲ. 180 ಕೊಟ್ಟರೆ 18 ವೋಲ್ಟಿನ ಸೆಕೆಂಡರಿ 14 ಮಾತ್ರ ಕೊಡುತ್ತದೆ. ಯಾವ ಐಸಿ ಹಾಕಿದರೂ ಇಲ್ಲದ ವೋಲ್ಟೇಜ್ ಹುಟ್ಟುವುದಿಲ್ಲ.

"ನಾಲ್ಕು ಸುತ್ತು ಜಾಸ್ತಿ ಸುತ್ತಿಬಿಡಮ್ಮ, ನಿಂದೇ ರಿವೈಂಡಿಂಗ್ ಅಂಗಡಿ" ಅಂದರು ಗೌಡ್ರು. ಸುತ್ತಬಹುದು. ಆದರೆ ಬೆಳಿಗ್ಗೆ 240 ಬಂದಾಗ ಆ ಹೆಚ್ಚುವರಿಯೆಲ್ಲ 3055ಗಳ ಮೇಲೆ ಬಿಸಿಯಾಗಿ ಬೀಳುತ್ತದೆ. ಈಗಲೇ ಇಪ್ಪತ್ತು ಆಂಪಿನಲ್ಲಿ ನೂರು ವಾಟಿಗಿಂತ ಜಾಸ್ತಿ ಶಾಖ ಅಲ್ಲಿ ಹೋಗುತ್ತಿದೆ. ನನಗೆ ಮನಸ್ಸು ಬರಲಿಲ್ಲ. ಸ್ಟೆಬಿಲೈಸರ್ ಮಾರಿದ್ದರೆ ನನಗೂ ಲಾಭವಿತ್ತು. ಆದರೆ ಅವರ ತೋಟದಲ್ಲಿ ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ಆನೆ ಬೈನೆ ಮರ ಬೀಳಿಸಿ ತಿನ್ನುವಾಗ ಅದು ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲು. ಸ್ಟೆಬಿಲೈಸರ್ ಆಗ ಏನು ಮಾಡೀತು?

ಬ್ಯಾಟರಿ ಹಾಕಿಸಿದೆ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಬೇಕಾದದ್ದೂ ಸುಮಾರು 13.8 ವೋಲ್ಟೇ. ಸಪ್ಲೈಗೂ ಬ್ಯಾಟರಿಗೂ ನಡುವೆ ದಪ್ಪ ಶಾಟ್ಕಿ ಡಯೋಡ್ ಒಂದು, ಕರೆಂಟ್ ಹೋದಾಗ ಬ್ಯಾಟರಿ ಹಿಂದಕ್ಕೆ ಸಪ್ಲೈ ಒಳಗೆ ಹರಿಯದ ಹಾಗೆ. ಡಯೋಡಿನಲ್ಲಿ ಹೋಗುವ ಅರ್ಧ ವೋಲ್ಟನ್ನು ಪ್ರೀಸೆಟ್ಟಿನಲ್ಲಿ ಏರಿಸಿ ಸರಿ ಮಾಡಿಕೊಂಡೆ. ಅಳೆದದ್ದು ಬ್ಯಾಟರಿ ತುಂಬಿದ ಮೇಲೆ, ಬ್ಯಾಟರಿಯ ಕಾಲಿನಲ್ಲಿ. ಸಂಜೆ ಮೇನ್ಸ್ 180ಕ್ಕೆ ಬಂದರೆ ಮೈಕ್ ಒತ್ತಿದಾಗ ಬ್ಯಾಟರಿ ಆಸರೆಗೆ ಬರುತ್ತದೆ, ಬಿಟ್ಟಾಗ ಮತ್ತೆ ತುಂಬಿಕೊಳ್ಳುತ್ತದೆ.

ಮೂರನೇ ದಿನ ಗೌಡ್ರು 40 ಮೀಟರ್ ಬ್ಯಾಂಡಿನಲ್ಲಿ ಮಾತಾಡಿ ಮುಗಿಸಿ ನನಗೆ ಫೋನ್ ಮಾಡಿದರು. ಗುಂಯ್ ಇಲ್ಲವಂತೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನ ಒಳಗೆ 30 ಆಂಪಿನ ಫ್ಯೂಸ್ ಹಾಕಿ ಅಂತ ಹೇಳಿ ಕಳಿಸಿದ್ದೆ. "ಹಾಕಿದ್ರಾ?" ಅಂದೆ. "ನಾಳೆ ಹಾಕ್ತೀನಿ" ಅಂದರು. ಈಗಲೇ ಬ್ಯಾಟರಿ ವಯರು ಬಿಚ್ಚಿಡಿ, ಫ್ಯೂಸ್ ಹಾಕಿದ ಮೇಲೆ ಜೋಡಿಸಿ ಅಂದೆ.